ಕುಂಡದ ನೀರು, ಕೋಣೆಯ ಗಾಳಿ



ಆರೈಕೆ ಎಂದರೇನು? ಒಂದು ಜೀವಕ್ಕೆ ನಮ್ಮಿಂದ ಕೊಡಲು ಸಾಧ್ಯವಾದದ್ದನ್ನು ಕೊಡುವುದೋ, ಅಥವಾ ಅದಕ್ಕೆ ಬೇಕಾದದ್ದೇನೆಂದು ಅರಿತು ಅದನ್ನು ಕೊಡುವುದೋ? ಮೇಲ್ನೋಟಕ್ಕೆ ಎರಡೂ ಒಂದೇ ಎನಿಸಬಹುದು. ಪ್ರೀತಿಯಿಂದ ಕೊಡುವವನು ಬೇಕಾದದ್ದನ್ನೇ ಕೊಡುತ್ತಾನೆ ಎಂಬುದು ನಮ್ಮೆಲ್ಲರ ನಂಬಿಕೆ. ಆ ನಂಬಿಕೆ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಈ ತಿಂಗಳು ಒಂದು ಹೂಗಿಡದ ನೆಪದಲ್ಲಿ ನಿಮ್ಮೊಂದಿಗೆ ಪರಿಶೀಲಿಸಬೇಕೆಂದಿದ್ದೇನೆ.

ಗೃಹಪ್ರವೇಶಕ್ಕೆ, ಮದುವೆಯ ವಾರ್ಷಿಕೋತ್ಸವಕ್ಕೆ ಉಡುಗೊರೆಯಾಗಿ ಬರುವ ಬಿಳಿ ಅಥವಾ ನೇರಳೆ ಹೂಗಳ ಆರ್ಕಿಡ್ ಗಿಡವನ್ನು ನೀವು ನೋಡಿರುತ್ತೀರಿ. ನಾಲ್ಕಾರು ದಪ್ಪ ಎಲೆಗಳು, ನಡುವಿನಿಂದ ಬಿಲ್ಲಿನಂತೆ ಬಾಗಿದ ಒಂದು ಕಡ್ಡಿ, ಅದರ ಮೇಲೆ ಸಾಲಾಗಿ ಕುಳಿತ ಹೂಗಳು. ಇದರ ಹೆಸರು ಫೆಲನಾಪ್ಸಿಸ್. ಪತಂಗದಂತೆ ಕಾಣುವುದು ಎಂಬುದು ಆ ಗ್ರೀಕ್ ಮಾತಿನ ಅರ್ಥ. 1825ರಲ್ಲಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ ಈ ಕುಲಕ್ಕೆ ಆ ಹೆಸರನ್ನಿತ್ತರು. ಇದರ ಒಂದು ಪ್ರಭೇದವನ್ನು ಇಂಡೋನೇಷ್ಯಾ ದೇಶವು ತನ್ನ ರಾಷ್ಟ್ರೀಯ ಹೂಗಳಲ್ಲಿ ಒಂದಾಗಿ ಗೌರವಿಸುತ್ತದೆ. ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ ಈ ಗಿಡ ನೆಲದಲ್ಲಿ ಬೆಳೆಯುವುದಿಲ್ಲ, ಮರದ ತೊಗಟೆಯನ್ನು ಅಪ್ಪಿಕೊಂಡು ಬೆಳೆಯುತ್ತದೆ. ಮರದ ಮೇಲಿರುವುದನ್ನೆಲ್ಲ ನಮ್ಮ ಜನ ಬಂದಳಿಕೆ ಎಂದುಬಿಡುತ್ತಾರೆ. ಅದು ಈ ಗಿಡಕ್ಕೆ ಮಾಡುವ ಅನ್ಯಾಯ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಆರ್ಕಿಡ್ ಮರದಿಂದ ಕೇಳುವುದು ನಿಲ್ಲಲು ಒಂದಿಷ್ಟು ಜಾಗವನ್ನು ಮಾತ್ರ. ಉಳಿದದ್ದು ಮಳೆಯಿಂದ, ಕೊಳೆತ ಎಲೆಯ ಚೂರುಗಳಿಂದ, ಸುತ್ತಲ ಗಾಳಿಯಿಂದ ಬರಬೇಕು. ಅದರ ಬೇರುಗಳ ಮೇಲೆ ಸ್ಪಂಜಿನಂತಹ ಒಂದು ಹೊದಿಕೆಯಿದೆ. ಒಣಗಿದಾಗ ಅದು ಬೂದು ಬೆಳ್ಳಿಯ ಬಣ್ಣ, ನೀರು ಸೋಕಿದ ಕ್ಷಣಗಳಲ್ಲೇ ಹಸಿರು. ಮಣ್ಣಿನ ಕತ್ತಲೆಯಲ್ಲಿ ಅಡಗದೆ ಗಾಳಿಯಲ್ಲಿ ತೂಗುವ ಬೇರುಗಳವು.

ಇಂತಹ ಗಿಡವನ್ನು ಮನೆಗೆ ತಂದ ನಾವು ಮಾಡುವುದೇನು? ತುಳಸಿಗೆ ಹಾಕಿದಂತೆ ದಿನವೂ ಒಂದು ಚೊಂಬು ನೀರು ಹಾಕುತ್ತೇವೆ. ಎಲೆ ಬಾಡಿದರೆ ಎರಡು ಚೊಂಬು. ಕೆಲವೇ ವಾರಗಳಲ್ಲಿ ಬೇರು ಕೊಳೆತು, ಕೊಳೆತ ಬೇರು ನೀರನ್ನು ಹೀರಲಾರದೆ, ನೀರಿನ ನಡುವೆಯೇ ಗಿಡ ಬಾಯಾರಿ ಸಾಯುತ್ತದೆ. ಎಲೆ ಬಾಡಿದ್ದು ನಿಜ, ಬಾಯಾರಿಕೆಯೂ ನಿಜ. ಆದರೆ ಅದಕ್ಕೆ ಕೊರತೆಯಿದ್ದುದು ಕುಂಡದ ನೀರಿಗಲ್ಲ, ಗಾಳಿಯ ತೇವಕ್ಕೆ. ಕಣ್ಣಿಗೆ ಕಾಣುವ ನೀರನ್ನು ನಾವು ಕೊಟ್ಟೆವು, ಕಾಣದ ನೀರಿನ ಬಗ್ಗೆ ಯೋಚಿಸಲೇ ಇಲ್ಲ.

ಈ ಕಾಣದ ನೀರಿನ ಲೆಕ್ಕ ಸ್ವಲ್ಪ ವಿಚಿತ್ರವಾದುದು, ಆದ್ದರಿಂದ ಇಲ್ಲಿ ತುಸು ನಿಲ್ಲೋಣ. ಗಾಳಿ ಬಿಸಿಯಾದಷ್ಟೂ ಅದರ ಹೊಟ್ಟೆ ದೊಡ್ಡದಾಗುತ್ತದೆ; ಹೆಚ್ಚು ಆವಿಯನ್ನು ಹಿಡಿದಿಡುವ ಶಕ್ತಿ ಬರುತ್ತದೆ. ಆ ಹೊಟ್ಟೆ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂಬುದನ್ನೇ ಸಾಪೇಕ್ಷ ಆರ್ದ್ರತೆ ಎನ್ನುತ್ತಾರೆ. ಬೆಳಗಿನ ಜಾವ 20 ಡಿಗ್ರಿ ತಾಪಮಾನದಲ್ಲಿ ಆರ್ದ್ರತೆ ಶೇಕಡಾ 80 ಇತ್ತೆಂದುಕೊಳ್ಳಿ. ಅದೇ ಗಾಳಿ ಮಧ್ಯಾಹ್ನ 34 ಡಿಗ್ರಿಗೆ ಕಾದರೆ, ಒಂದು ಹನಿಯೂ ಎಲ್ಲಿಗೂ ಹೋಗದಿದ್ದರೂ, ಅದರ ಆರ್ದ್ರತೆ ಸುಮಾರು 35ಕ್ಕೆ ಇಳಿಯುತ್ತದೆ. ನೀರು ಕಡಿಮೆಯಾಗಿಲ್ಲ, ಗಾಳಿಯ ಹಸಿವು ಹೆಚ್ಚಾಗಿದೆ. ಹಸಿದ ಆ ಗಾಳಿ ಎಲೆಯಿಂದ, ಬೇರಿನಿಂದ, ನಮ್ಮ ತುಟಿ ಗಂಟಲುಗಳಿಂದ ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನ ಆರ್ದ್ರತೆ 30ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ಮಂಗಳೂರಿನಲ್ಲಿ ಮಳೆಗಾಲದ ದಿನಗಳಲ್ಲಿ ಅದು 90ರ ಆಸುಪಾಸಿನಲ್ಲಿರುತ್ತದೆ. ಫೆಲನಾಪ್ಸಿಸ್ ಬಯಸುವುದು 50ರಿಂದ 70. ಹಾಗಾದರೆ ಕರಾವಳಿಯವರಿಗೆ ಚಿಂತೆಯಿಲ್ಲ ಎನ್ನುವಂತಿಲ್ಲ, ಏಕೆಂದರೆ ಅಲ್ಲಿಯ ಮನೆಗಳಿಗೂ ಈಗ ಎ.ಸಿ. ಬಂದಿದೆ. ಎ.ಸಿ. ಯಂತ್ರದ ಹಿಂದಿನ ಕೊಳವೆಯಿಂದ ಹಗಲಿರುಳು ತೊಟ್ಟಿಕ್ಕುವ ನೀರು ಎಲ್ಲಿಂದ ಬಂತೆಂದು ಮಕ್ಕಳನ್ನು ಕೇಳಿ ನೋಡಿ. ಅದು ನಿಮ್ಮ ಕೋಣೆಯ ಗಾಳಿಯಲ್ಲಿದ್ದ ನೀರೇ. ಇನ್ನು ಕೆನಡಾ, ಜರ್ಮನಿಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ ಚಳಿಗಾಲದ ಕಷ್ಟ ಬೇರೆಯೇ. ಹೊರಗೆ ಸೊನ್ನೆ ಡಿಗ್ರಿಯಲ್ಲಿ ತೇವದಿಂದ ಪೂರ್ತಿ ತುಂಬಿದ ಗಾಳಿಯೂ ಒಳಗೆ ಬಂದು 22 ಡಿಗ್ರಿಗೆ ಕಾದಾಗ ಅದರ ಆರ್ದ್ರತೆ ಬರೀ 23ರಷ್ಟಾಗುತ್ತದೆ. ಕಿಟಕಿಯಾಚೆ ಹಿಮ, ಒಳಗೆ ಮರಳುಗಾಡಿನ ಗಾಳಿ.

ಹಾಗಾದರೆ ತೇವವನ್ನು ಹೆಚ್ಚಿಸಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಸಿರಿವಂತರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯೋಚಿಸಿದ್ದೂ ಹೀಗೆಯೇ. ಉಷ್ಣವಲಯದಿಂದ ಹಡಗಿನಲ್ಲಿ ಬಂದ ಆರ್ಕಿಡ್‌ಗಳನ್ನು ಅವರು ಗಾಜಿನ ಮನೆಗಳಲ್ಲಿಟ್ಟು, ಕಲ್ಲಿದ್ದಲಿನ ಒಲೆ ಹೂಡಿ, ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ, ಒಳಗೆ ಹಬೆ ತುಂಬಿಸಿದರು. ಹಣದ ಕೊರತೆಯಿರಲಿಲ್ಲ, ಆಳುಗಳ ಕೊರತೆಯಿರಲಿಲ್ಲ, ಆಸ್ಥೆಗಂತೂ ಕೊರತೆಯೇ ಇರಲಿಲ್ಲ. ಗಿಡಗಳು ಮಾತ್ರ ಸಾಲುಸಾಲಾಗಿ ಸತ್ತವು. ಕಾರಣವಿಷ್ಟೇ: ಉಷ್ಣವಲಯವೆಂದರೆ ಉಸಿರುಗಟ್ಟಿಸುವ ಬಿಸಿ ಕಾಡು ಎಂಬ ಚಿತ್ರವೊಂದು ಅವರ ಮನಸ್ಸಿನಲ್ಲಿತ್ತು. ಆ ಆರ್ಕಿಡ್‌ಗಳಲ್ಲಿ ಅನೇಕವು ತಂಪಾದ ಬೆಟ್ಟದ ನೆತ್ತಿಗಳಿಂದ, ಮಂಜು ಬಂದು ಹೋಗುವ, ಗಾಳಿ ಸದಾ ಆಡುವ ಕೊಂಬೆಗಳಿಂದ ಬಂದವುಗಳು. 1835ರಲ್ಲಿ ಡೆವನ್‌ಷೈರ್‌ನ ಡ್ಯೂಕ್ ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು ಭಾರತಕ್ಕೆ ಕಳುಹಿಸಿದರು. ಆತ ಖಾಸಿ ಬೆಟ್ಟಗಳಿಂದ ಆರ್ಕಿಡ್‌ಗಳನ್ನು ಸಂಗ್ರಹಿಸಿ 1837ರಲ್ಲಿ ಹಿಂದಿರುಗಿದನು. ಆ ಗಿಡಗಳು ಸೇರಿದ ಚಾಟ್ಸ್‌ವರ್ತ್ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಒಂದು ಸರಳ ಕೆಲಸ ಮಾಡಿದರು: ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ಉಷ್ಣತೆಯ ಮನೆಗಳನ್ನು ಕೊಟ್ಟರು, ಗಾಳಿಯಾಡಲು ಬಿಟ್ಟರು, ನೆಲವನ್ನು ಒದ್ದೆ ಮಾಡಿಸಿ ತೇವವು ತಾನಾಗಿ ಮೇಲೇರುವಂತೆ ಮಾಡಿದರು. ಗಿಡಗಳು ಬದುಕಿದವು.

ಈ ಪ್ರಸಂಗದಲ್ಲಿ ನನ್ನನ್ನು ಕಾಡುವುದು ಆ ಸತ್ತ ಗಿಡಗಳ ಒಡೆಯರ ಒಳ್ಳೆಯತನ. ಅವರು ನಿರ್ಲಕ್ಷ್ಯ ಮಾಡಿದವರಲ್ಲ. ಪ್ರೀತಿಸಿದರು, ಖರ್ಚು ಮಾಡಿದರು, ಕಾದರು. ಆದರೆ ಗಿಡವನ್ನು ನೋಡುವ ಬದಲು ಗಿಡದ ಬಗ್ಗೆ ತಮಗಿದ್ದ ಕಲ್ಪನೆಯನ್ನು ಆರೈಕೆ ಮಾಡಿದರು. ಸದ್ಗುಣವು ಎರಡು ಅತಿಗಳ ನಡುವಿನ ಹದ ಎಂದು ಅರಿಸ್ಟಾಟಲ್ ಕಲಿಸಿದುದನ್ನು ನಾವು ಗುರುಮಠದಲ್ಲಿ ಓದಿದ್ದೇವೆ. ಆ ಹದವು ಲೆಕ್ಕದ ಸರಾಸರಿಯಲ್ಲ ಎಂದೂ ಆತ ಎಚ್ಚರಿಸುತ್ತಾನೆ, ಅದನ್ನು ಮಾತ್ರ ನಾವು ಬೇಗ ಮರೆಯುತ್ತೇವೆ. ಹತ್ತು ಪಾಲು ಆಹಾರ ಹೆಚ್ಚು, ಎರಡು ಪಾಲು ಕಡಿಮೆ ಎಂದಮಾತ್ರಕ್ಕೆ ಗರಡಿಯ ಗುರು ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ; ಮೈಲೋ ಎಂಬ ಜಟ್ಟಿಗೆ ಅದು ಸಾಲದು, ಹೊಸದಾಗಿ ಗರಡಿಗೆ ಬಂದವನಿಗೆ ಅದೇ ಅತಿಯಾದೀತು. ಸಂತ ತೋಮಸ್ ಅಕ್ವಿನಾಸರು ವಿವೇಕದ ಕುರಿತು ಬರೆಯುವಾಗ, ಸಾಮಾನ್ಯ ತತ್ತ್ವಗಳ ಜ್ಞಾನದ ಜೊತೆಗೆ ಬಿಡಿ ಬಿಡಿ ಸಂಗತಿಗಳ ಜ್ಞಾನವೂ ವಿವೇಕಿಗೆ ಬೇಕೆನ್ನುತ್ತಾರೆ. 'ಗಿಡಕ್ಕೆ ತೇವ ಬೇಕು' ಎಂಬುದು ತತ್ತ್ವ. ಈ ಕಿಟಕಿಯಲ್ಲಿ, ಈ ಏಪ್ರಿಲ್ ತಿಂಗಳಲ್ಲಿ, ಈ ಗಿಡಕ್ಕೆ ಎಷ್ಟು ಎಂಬುದನ್ನು ಯಾವ ಗ್ರಂಥವೂ ಹೇಳಲಾರದು. ಎದ್ದು ಹೋಗಿ ನೋಡಬೇಕು.

ಈಗ ಗಿಡವನ್ನು ಸ್ವಲ್ಪ ಹೊತ್ತು ಬದಿಗಿಡೋಣ. ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ ಎಪ್ಪತ್ತೆಂಟರ ತಂದೆಯನ್ನು ಮಗ ಬೆಂಗಳೂರಿನ ಒಂಬತ್ತನೆಯ ಮಹಡಿಯ ಫ್ಲ್ಯಾಟಿಗೆ ಕರೆತಂದಿದ್ದಾನೆ ಎಂದುಕೊಳ್ಳಿ. ಇಂತಹ ಮನೆಗಳನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಅಮ್ಮ ತೀರಿಕೊಂಡಿದ್ದಾರೆ, ಊರಿನ ಮನೆಯಲ್ಲಿ ರಾತ್ರಿ ಹೊತ್ತು ಯಾರೂ ಇಲ್ಲ, ಕರೆತಂದದ್ದು ಸರಿಯೇ. ಅಪ್ಪನಿಗೆ ಪ್ರತ್ಯೇಕ ಕೋಣೆಯಿದೆ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿಯಿದೆ, ಮಾತ್ರೆಗಳು ದಿನದ ಹೆಸರು ಬರೆದ ಡಬ್ಬಿಯಲ್ಲಿವೆ, ಗೋಡೆಯಲ್ಲಿ ಟಿ.ವಿ. ಇದೆ. 'ಎಲ್ಲ ಚೆನ್ನಾಗಿದೆ ಮಗಾ' ಎನ್ನುವ ಅಪ್ಪ ವಾರದಿಂದ ವಾರಕ್ಕೆ ಕಡಿಮೆ ಮಾತನಾಡುತ್ತಾರೆ. ಮಗ ಸೊಸೆಯರಿಗೆ ನೋವಾಗುತ್ತದೆ. 'ನಾವು ಏನು ಕಡಿಮೆ ಮಾಡಿದ್ದೇವೆ?' ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕಪಟವಿಲ್ಲ. ನಿಜಕ್ಕೂ ಅವರು ಏನನ್ನೂ ಕಡಿಮೆ ಮಾಡಿಲ್ಲ, ಎಣಿಸಬಹುದಾದವುಗಳಲ್ಲಿ.

ಎಣಿಸಲಾಗದ್ದೊಂದು ಊರಿನಲ್ಲಿತ್ತು. ಜಗಲಿಯಲ್ಲಿ ಕುಳಿತಾಗ ದಾರಿಯಲ್ಲಿ ಹೋಗುವವರು ಕೂಗಿ ಕೇಳುತ್ತಿದ್ದ ಕುಶಲ, ಮೀನು ತರುವ ಹೆಂಗಸಿನೊಡನೆ ದಿನವೂ ನಡೆಯುತ್ತಿದ್ದ ಚೌಕಾಸಿ, ಗದ್ದೆಯ ನೀರಿನ ಬಗ್ಗೆ ನೆರೆಯವನೊಡನೆ ಮೂವತ್ತು ವರ್ಷಗಳಿಂದ ಮುಗಿಯದ ಜಗಳ, ತನ್ನದೇ ಕುಂದಾಪುರದ ಕನ್ನಡ. ಇವುಗಳಲ್ಲಿ ಒಂದನ್ನೂ ಅಪ್ಪ ಎಂದೂ 'ನನಗೆ ಇದು ಬೇಕು' ಎಂದು ಹೇಳಿರಲಿಕ್ಕಿಲ್ಲ. ಉಸಿರಾಡುವ ಗಾಳಿಯನ್ನು ಯಾರು ಹೆಸರಿಟ್ಟು ಕೇಳುತ್ತಾರೆ? ಜಗಳವೂ ಗಾಳಿಯ ತೇವವಾಗಿರಬಹುದೆಂದು ಯಾವ ಮಗನಿಗೆ ಹೊಳೆದೀತು?

ಇಡೀ ಊರನ್ನು ಬೆಂಗಳೂರಿಗೆ ತರಲಾಗದು, ಸರಿ. ಆದರೆ ಕೋಣೆಯ ಗಾಳಿಯನ್ನು ಶೇಕಡಾ 30ರಿಂದ 50ಕ್ಕೆ ಏರಿಸುವಂತಹ ಸಣ್ಣ ಕೆಲಸಗಳಿವೆ. ಮೀನಿನ ಅಂಗಡಿಗೆ ಅಪ್ಪನನ್ನೇ ಕಳುಹಿಸುವುದು, ಅವರು ಹತ್ತು ರೂಪಾಯಿ ಹೆಚ್ಚು ಕೊಟ್ಟು ಬಂದರೂ ಮಾತನಾಡದಿರುವುದು. ವಾರಕ್ಕೆರಡು ಸಲ ಆ ಜಗಳದ ನೆರೆಯವನಿಗೇ ಫೋನು ಹಚ್ಚಿಕೊಡುವುದು. ಮೊಮ್ಮಕ್ಕಳಿಗೆ ಇಂಗ್ಲಿಷಿನ ನಡುವೆ ಅಜ್ಜನ ಮಾತಿನ ರುಚಿಯನ್ನೂ ಹತ್ತಿಸುವುದು. ಅತಿಯ ಅಪಾಯ ಇಲ್ಲಿಯೂ ಇದೆ. ಬೀಳುತ್ತಾರೆಂದು ಹೊರಗೆ ಬಿಡದೆ, ಸುಸ್ತಾಗುತ್ತದೆಂದು ಕೆಲಸ ಕೊಡದೆ, ಬೇಸರವಾಗುತ್ತದೆಂದು ಯಾವ ಸುದ್ದಿಯನ್ನೂ ಹೇಳದೆ ಹಿರಿಯರನ್ನು ಹಬೆಯ ಗಾಜಿನಮನೆಯಲ್ಲಿ ಕೂರಿಸುವ ಮನೆಗಳೂ ಉಂಟು. ಬಾಗಿಲು ಮುಚ್ಚಿದ ಪ್ರೀತಿ ಅದು.

ಗಿಡದ ಬಳಿಗೆ ಮರಳೋಣ, ಏಕೆಂದರೆ ಅಲ್ಲಿ ಇನ್ನೊಂದು ಕಠಿಣವಾದ ಪ್ರಶ್ನೆ ಕಾದಿದೆ. ತೇವ ಹೆಚ್ಚಿಸಲು ಜನ ಮಾಡುವ ಉಪಾಯಗಳು ಹಲವು. ಪಿಚಕಾರಿಯಿಂದ ಎಲೆಗೆ ನೀರು ಸಿಂಪಡಿಸುವುದು ಎಲ್ಲರಿಗೂ ಇಷ್ಟ. ಕೈಗೆ ಕೆಲಸ, ಕಣ್ಣಿಗೆ ತೃಪ್ತಿ. ಅದರ ಪರಿಣಾಮ ಕೆಲವು ನಿಮಿಷಗಳದ್ದು, ಸಂಜೆಯ ಹೊತ್ತು ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಅದರ ಮೇಲೆ ಕುಂಡವಿಡುವುದು ಹಾನಿಯಿಲ್ಲದ ಉಪಾಯ, ಲಾಭವೂ ಅಲ್ಪ. ನಾಲ್ಕಾರು ಗಿಡಗಳನ್ನು ಒಟ್ಟಿಗಿಟ್ಟರೆ ಅವು ಬಿಡುವ ಆವಿಯಿಂದಲೇ ಪರಸ್ಪರ ಉಪಕಾರ ಮಾಡಿಕೊಳ್ಳುತ್ತವೆ. ಇದೆಲ್ಲಕ್ಕಿಂತ ಮೊದಲು ಆರ್ದ್ರತೆಯನ್ನು ಅಳೆಯುವ ಪುಟ್ಟ ಮಾಪಕವೊಂದನ್ನು ಕೊಳ್ಳುವುದು ಲೇಸು. ಅದು ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಲು ಅಡುಗೆಮನೆಯ ಉಪ್ಪು ಸಾಕು. ಒಂದು ಬಾಟಲಿಯ ಮುಚ್ಚಳದಲ್ಲಿ ಉಪ್ಪನ್ನು ನೀರಿನಿಂದ ಗಟ್ಟಿ ಕೆಸರಿನಂತೆ ಕಲಸಿ, ಮಾಪಕದೊಂದಿಗೆ ಬಿಗಿಯಾದ ಡಬ್ಬಿಯಲ್ಲಿ ಮುಚ್ಚಿ ಒಂದು ದಿನ ಬಿಡಿ. ಒಳಗಿನ ಗಾಳಿ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ, ಮಾಪಕವೂ ಅದನ್ನೇ ತೋರಿಸಬೇಕು. ನಮ್ಮ ಮನಸ್ಸಾಕ್ಷಿಗೂ ಇಂತಹದ್ದೊಂದು ಉಪ್ಪಿನ ಪರೀಕ್ಷೆ ಇದ್ದಿದ್ದರೆ ಪಾಪನಿವೇದನೆ ಕೇಳುವವರ ಕೆಲಸ ಎಷ್ಟು ಹಗುರವಾಗುತ್ತಿತ್ತು!

ಕೊನೆಗೆ ಉಳಿಯುವುದು ಆವಿ ಬಿಡುವ ಯಂತ್ರ. ಅದು ನಿಜಕ್ಕೂ ಕೆಲಸ ಮಾಡುತ್ತದೆ, ಆದ್ದರಿಂದಲೇ ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಗಾಳಿಗೆ ಗೋಡೆಯಿಲ್ಲ. ಕುಂಡದ ನೀರು ಗಿಡದ್ದು ಮಾತ್ರ, ಕೋಣೆಯ ಗಾಳಿ ಮನೆಯವರೆಲ್ಲರದು. ಆರ್ದ್ರತೆ 50ನ್ನು ದಾಟಿದಂತೆ ಹಾಸಿಗೆಯ ಧೂಳಿನಲ್ಲಿರುವ ನುಸಿಗಳು ಹೆಚ್ಚುತ್ತವೆ. 60ನ್ನು ಮೀರಿ ಬಹಳ ದಿನ ನಿಂತರೆ ಗೋಡೆಯ ಮೂಲೆಗಳಲ್ಲಿ, ಬೀರುವಿನ ಹಿಂದೆ ಬೂಷ್ಟು ಬೆಳೆಯುತ್ತದೆ. ಉಬ್ಬಸವಿರುವ ಮಗುವಿಗೆ, ದಮ್ಮಿನ ತೊಂದರೆಯಿರುವ ಅಜ್ಜಿಗೆ ಇವೆರಡೂ ವೈರಿಗಳು. ಹೂವು ನಗುತ್ತಿರುವ ಮನೆಯಲ್ಲಿ ರಾತ್ರಿಯೆಲ್ಲ ಅಜ್ಜಿ ಕೆಮ್ಮುತ್ತಿದ್ದರೆ? ಗಿಡ ಸತ್ತರೂ ಚಿಂತೆಯಿಲ್ಲ ಎಂದು ನೀವು ತಕ್ಷಣ ಉತ್ತರಿಸುವಿರಿ, ಉತ್ತರ ಸರಿಯೂ ಹೌದು. ಆದರೆ ಕೆಮ್ಮು ಗೋಡೆಯಾಚೆಯ ಕೋಣೆಯಿಂದ ಬರುತ್ತಿದ್ದರೆ, ಅದಕ್ಕೂ ಯಂತ್ರಕ್ಕೂ ಸಂಬಂಧವುಂಟೆಂದು ಯಾರೂ ಹೇಳದಿದ್ದರೆ, ಆ ಸಂಬಂಧವನ್ನು ನಾವಾಗಿ ಹುಡುಕುತ್ತೇವೆಯೇ? ನನ್ನ ಸಂತೋಷದ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಿದ್ದಾರೆ ಎಂದು ಕೇಳಿಕೊಳ್ಳುವ ಅಭ್ಯಾಸ ಬಲು ವಿರಳ. ಹಾಗಾಗಿ ಮನೆಮಂದಿಗೂ ಗಿಡಕ್ಕೂ ಒಪ್ಪುವ 50ರ ಆಸುಪಾಸಿನಲ್ಲಿ ನಿಲ್ಲುವುದು, ಗಿಡಕ್ಕೆ ಸ್ವಲ್ಪ ಕೊರತೆಯಾದರೆ ಆಗಲಿ ಎನ್ನುವುದು ನನ್ನ ಅಭಿಪ್ರಾಯ. ಫೆಲನಾಪ್ಸಿಸ್ ಅಷ್ಟನ್ನು ಸಹಿಸಿಕೊಳ್ಳುವ ಗಿಡವೇ.

ನೀರಿನ ಲೆಕ್ಕವೂ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಒಂದೆರಡು ಲೀಟರ್ ನೀರನ್ನು ದಿನವೂ ಗಾಳಿಗೆ ಬಿಡುವ ಮನೆಯ ಕೆಳಗೇ ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರ ಸಾಲಿತ್ತು. ಎರಡು ಲೀಟರ್ ಉಳಿಸಿದರೆ ಆ ಸಾಲು ಕರಗುತ್ತಿರಲಿಲ್ಲ ಎಂಬುದು ನಿಜ. ಆದರೂ ಆ ಸಾಲನ್ನು ಕಂಡ ಮೇಲೆ ಯಂತ್ರದ ಗುಂಡಿಯೊತ್ತುವ ಕೈ ತುಸು ತಡೆಯಬೇಕು. ತಡೆಯದಿದ್ದರೆ ಒಣಗಿದ್ದು ಗಿಡ ಮಾತ್ರವಲ್ಲ. ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಬಕೆಟಿನಲ್ಲಿ ಹಿಡಿದು ಬೆಣಚುಕಲ್ಲಿನ ತಟ್ಟೆಗೆ ಸುರಿಯುವ ಗೃಹಿಣಿಯರಿದ್ದಾರೆ. ಗಾಳಿಯಿಂದ ಕಸಿದುದನ್ನು ಗಾಳಿಗೇ ಮರಳಿಸುವ ಈ ನ್ಯಾಯ ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಶ್ರಮ ಬೇಕಾಗುವ ಜೀವವನ್ನು ಮನೆಗೆ ತರುವುದೇ ಸರಿಯೇ? ಇಂದು ನರ್ಸರಿಯಲ್ಲಿ ಸಿಗುವ ಫೆಲನಾಪ್ಸಿಸ್‌ಗಳು ಪ್ರಯೋಗಾಲಯದ ಗಾಜಿನ ಸೀಸೆಗಳಲ್ಲಿ ಮೊಳೆತು ಮನುಷ್ಯರ ನಡುವೆಯೇ ಬೆಳೆದವು, ಕಾಡನ್ನು ಕಂಡವಲ್ಲ. ಅವನ್ನು ತರುವುದರಲ್ಲಿ ನನಗೆ ದೋಷ ಕಾಣದು. ಕಾಡಿನಿಂದ ಕಿತ್ತು ತರುವುದು ಬೇರೆ ಮಾತು. ದಕ್ಷಿಣ ಅಮೆರಿಕದಲ್ಲಿ ಆರ್ಕಿಡ್ ಬೇಟೆಗೆ ಹೋಗಿದ್ದ ಆಲ್ಬರ್ಟ್ ಮಿಲ್ಲಿಕನ್ ಎಂಬಾತ, ಹತ್ತು ಸಾವಿರ ಗಿಡಗಳಿಗಾಗಿ ನಾಲ್ಕು ಸಾವಿರ ಮರಗಳನ್ನು ಉರುಳಿಸಿದ್ದನ್ನು 1891ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮ ಮಲೆನಾಡಿನ ಸೀತಾಳೆ ದಂಡೆಗೂ ಸಣ್ಣ ಪ್ರಮಾಣದಲ್ಲಿ ಆಗುತ್ತಿರುವುದು ಇದೇ. ಮಳೆಗಾಲದ ಆರಂಭದಲ್ಲಿ ಗೊಂಚಲಾಗಿ ತೂಗುವ ಅದರ ಹೂವನ್ನು ಕಂಡು, ಪ್ರವಾಸಕ್ಕೆ ಹೋದವರು ಕೊಂಬೆಯಿಂದ ಕಿತ್ತು ಕಾರಿನಲ್ಲಿಟ್ಟುಕೊಂಡು ಬರುತ್ತಾರೆ. ಹೂವು ಬರುತ್ತದೆ, ಮರ ಬರುವುದಿಲ್ಲ, ಮಂಜು ಬರುವುದಿಲ್ಲ. ಮುಂದಿನ ಮಾರ್ಚ್ ತಿಂಗಳಿಗೆ ಬಾಲ್ಕನಿಯ ತಂತಿಯಲ್ಲಿ ಒಣಗಿದ ನಾರೊಂದು ನೇತಾಡುತ್ತಿರುತ್ತದೆ. ಒಂದು ಜೀವದ ಜೊತೆಗೆ ಅದರ ಗಾಳಿಯನ್ನೂ ಕೊಡಲಾಗದವನಿಗೆ ಅದನ್ನು ಕರೆತರುವ ಹಕ್ಕಿಲ್ಲವೆಂದೇ ನಾನು ತಿಳಿಯುತ್ತೇನೆ.

ಇನ್ನು ಈಗಾಗಲೇ ನಿಮ್ಮ ಕಿಟಕಿಯಲ್ಲಿರುವ ಗಿಡದ ಮಾತು. ಎರಡು ಮೂರು ತಿಂಗಳು ನಿಂತ ಹೂಗಳು ಒಂದೊಂದಾಗಿ ಉದುರಿ, ಬೋಳು ಕಡ್ಡಿ ಉಳಿದಾಗ ಬಹಳ ಮನೆಗಳಲ್ಲಿ ಕುಂಡವು ಕಸದ ಬುಟ್ಟಿಯನ್ನು ಸೇರುತ್ತದೆ. ಅದು ಸತ್ತಿಲ್ಲ, ಬೇಸರಗೊಳ್ಳಬೇಡಿ. ಎಲೆಗಳು ಗಟ್ಟಿಯಾಗಿದ್ದರೆ ಬೆಳಗಿನ ಮಂದ ಬಿಸಿಲು ಬೀಳುವ ಕಡೆ ಇಡಿ, ತೊಗಟೆಯ ಚೂರುಗಳು ಪೂರ್ತಿ ಒಣಗುವ ಹೊತ್ತಿಗೆ ನೀರು ಕೊಡಿ, ಜೂನ್ ಬಂದು ಗಾಳಿ ತಾನಾಗಿ ತೇವಗೊಂಡಾಗ ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆಯಿರಿ. ಚಳಿಗಾಲದ ರಾತ್ರಿಗಳು ಕೆಲವು ವಾರ ತಂಪಾಗಿ ಕಳೆದ ಮೇಲೆ ಎಲೆಯ ಬುಡದಿಂದ ಹೊಸ ಕಡ್ಡಿ ಇಣುಕಬಹುದು. ಎಲ್ಲ ಮಾಡಿಯೂ ನಿಮ್ಮ ಮನೆಯ ಗಾಳಿ ಅದಕ್ಕೆ ಒಗ್ಗದಿದ್ದರೆ, ಕೆರೆಯ ಪಕ್ಕದಲ್ಲೋ ಮರಗಳ ನೆರಳಿನಲ್ಲೋ ಮನೆಯಿರುವ ನೆರೆಯವರು ಯಾರೆಂದು ವಿಚಾರಿಸಿ, ಅವರ ಕೈಗೆ ಕೊಡಿ. ಮುಂದಿನ ವರ್ಷ ಅದು ಅವರ ಜಗಲಿಯಲ್ಲಿ ಹೂ ಬಿಟ್ಟಾಗ ನೋಡಲು ಹೋಗಬಹುದಲ್ಲ.